ತುರ್ತು ಚಿಕಿತ್ಸೆಯಲ್ಲಿ ಮಾಜಿ ಸೈನಿಕರಿಗೆ ಒಡನಾಡಿ ನೆರವು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ

ಕುಡಿತದ ಕಾರಣಕ್ಕೆ ಆಸ್ಪತ್ರೆಯ ತುರ್ತು ವಿಭಾಗ ಸೇರಿದ ಮಾಜಿ ಸೈನಿಕನಿಗೆ, ಅದೇ ಚಟದಲ್ಲಿ ಸಿಕ್ಕು ಹೊರಬಂದ ಇನ್ನೊಬ್ಬ ಮಾಜಿ ಸೈನಿಕ ಹಾಸಿಗೆಯ ಬಳಿ ಕೂತು ಕೊಡುವ ಬೆಂಬಲವೇ ಒಡನಾಡಿ ನೆರವು. ಇದು ವೈದ್ಯರ ಚಿಕಿತ್ಸೆಯ ಜೊತೆಜೊತೆಗೆ ನಡೆಯುವ ಕೆಲಸ. ಗಾಯಕ್ಕೆ ಹೊಲಿಗೆ ಹಾಕಿ ಮನೆಗೆ ಕಳಿಸಿದರೆ ಮುಗಿದುಹೋಗುತ್ತಿದ್ದ ಭೇಟಿಯನ್ನು ಕುಡಿತ ಬಿಡುವ ದಾರಿಯ ಮೊದಲ ಹೆಜ್ಜೆಯಾಗಿಸುವುದು ಇದರ ಗುರಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇಂಥ ಒಡನಾಡಿಗಳು ಸಂಬಳ ಪಡೆಯುವ ಸಿಬ್ಬಂದಿಯಾಗಿದ್ದಾರೆ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಇದಕ್ಕೆ ಬೇಕಾದ ಅಂಗಗಳು ಬೇರೆ ಬೇರೆ ಹೆಸರಿನಲ್ಲಿ ದುಡಿಯುತ್ತಿವೆ: ಸರ್ಕಾರಿ ಆಸ್ಪತ್ರೆ, ಮನೋಚೈತನ್ಯ ಕ್ಲಿನಿಕ್, ಮದ್ಯವರ್ಜನ ಶಿಬಿರ, ನವಜೀವನ ಸಮಿತಿ, ಮಾಜಿ ಸೈನಿಕರ ಸಂಘ. ಇವು ತುರ್ತು ವಿಭಾಗದ ಬಾಗಿಲಲ್ಲಿ ಒಂದಾದರೆ ಎಷ್ಟೋ ಜೀವ ಉಳಿಯುತ್ತವೆ.

ಸೀಮೆ ಮತ್ತು ಸೈನಿಕ ಪರಂಪರೆ

ಈ ನಾಡಿಗೆ ಸೈನಿಕ ವೃತ್ತಿ ಹೊಸದಲ್ಲ. 1824ರಲ್ಲಿ ಕಿತ್ತೂರು ಸಂಸ್ಥಾನ ಬ್ರಿಟಿಷರ ವಿರುದ್ಧ ಯುದ್ಧ ಹೂಡಿತು. ರಾಣಿ ಚನ್ನಮ್ಮ ಸೆರೆಯಲ್ಲಿದ್ದಾಗಲೇ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಅಲ್ಲಿಯೇ ಇದೆ. ಕಿತ್ತೂರಿನ ಪರ ಹೋರಾಡಿದ ಸಂಗೊಳ್ಳಿ ರಾಯಣ್ಣನ ಊರೂ ಬೈಲಹೊಂಗಲ ತಾಲ್ಲೂಕಿನದೇ. 1969ರಲ್ಲಿ ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ರಾಣಿ ಚನ್ನಮ್ಮ ವಸತಿ ಸೈನಿಕ ಶಾಲೆ ಆರಂಭವಾಯಿತು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಬೆಳಗಾವಿಯಲ್ಲಿರುವುದರಿಂದ ಸೇನಾ ಭರ್ತಿ, ತರಬೇತಿ, ಕ್ಯಾಂಟೀನು, ಪಿಂಚಣಿ ಎಂಬ ಮಾತುಗಳು ಸುತ್ತಲಿನ ಹಳ್ಳಿಗಳಲ್ಲಿ ದಿನಬಳಕೆಯವು. ಇಲ್ಲಿಯ ಹುಡುಗರು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಆರ್ಮಿ ಸರ್ವಿಸ್ ಕೋರ್ ಮೊದಲಾದ ದಳಗಳಿಗೂ ಹೋಗುತ್ತಾರೆ.

ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಸೇರಿದ ಸಿಪಾಯಿ ಹದಿನೈದು ಇಪ್ಪತ್ತು ವರ್ಷ ದುಡಿದು, ಮೂವತ್ತೈದು ನಲವತ್ತರ ಆಸುಪಾಸಿನಲ್ಲಿ ಪಿಂಚಣಿಯೊಂದಿಗೆ ಊರಿಗೆ ಬರುತ್ತಾನೆ. ಉಳಿದವರು ದುಡಿಮೆಯ ನಡುಹಗಲಿನಲ್ಲಿರುವಾಗ ಇವನ ಪಾಲಿಗೆ ಬಿಗುಲು, ಪರೇಡು, ರೋಲ್‌ಕಾಲು ಎಲ್ಲ ಒಮ್ಮೆಗೇ ನಿಂತುಹೋಗುತ್ತವೆ. ಕೆಲವರು ಹೊಲ ಹಿಡಿಯುತ್ತಾರೆ. ಕೆಲವರು ಬ್ಯಾಂಕು, ಸಕ್ಕರೆ ಕಾರ್ಖಾನೆಗಳ ಭದ್ರತಾ ಕೆಲಸಕ್ಕೆ ಸೇರುತ್ತಾರೆ. ಗಡಿಯಲ್ಲಿ ಕಂಡದ್ದನ್ನು, ಕಳೆದುಕೊಂಡ ಜೊತೆಗಾರರನ್ನು ಮನೆಯಲ್ಲಿ ಹೇಳಿಕೊಳ್ಳುವುದು ಕಷ್ಟ. ಹೆಂಡತಿ ಮಕ್ಕಳು ಅವನಿಲ್ಲದೆ ಮನೆ ನಡೆಸುವುದನ್ನು ಅಷ್ಟರಲ್ಲಾಗಲೇ ಕಲಿತಿರುತ್ತಾರೆ. ಈ ಖಾಲಿತನಕ್ಕೆ ಮದ್ಯ ಸುಲಭವಾಗಿ ಹೊಕ್ಕುಬಿಡುತ್ತದೆ.

ಚಳಿ ಸೀಮೆಯಲ್ಲಿ, ಬಡಾಖಾನಾ ಎಂಬ ಸಾಮೂಹಿಕ ಊಟದಲ್ಲಿ, ಜೊತೆಗಾರರ ನಡುವೆ ರಮ್ ಕುಡಿಯುವುದು ಸೇನೆಯ ಹಳೆಯ ರೂಢಿ. ಆದರೆ ಅಲ್ಲಿ ಕುಡಿತಕ್ಕೆ ಹೊತ್ತು ಗೊತ್ತಿರುತ್ತದೆ, ಮೇಲೆ ಅಧಿಕಾರಿಯ ಕಣ್ಣಿರುತ್ತದೆ. ಕುಡಿತ ಮಿತಿಮೀರಿದ ಯೋಧನನ್ನು ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆಗೊಳಪಡಿಸಿ, ವೈದ್ಯಕೀಯ ದರ್ಜೆ ಇಳಿಸಿ, ಮತ್ತೆ ಮತ್ತೆ ತಪಾಸಣೆ ಮಾಡುತ್ತಾರೆ. ನಿವೃತ್ತಿಯ ನಂತರ ಸೇನಾ ಕ್ಯಾಂಟೀನಿನ ತಿಂಗಳ ಮದ್ಯದ ಕೋಟಾ ಮುಂದುವರಿಯುತ್ತದೆ. ಆ ಕಣ್ಗಾವಲು ಮುಂದುವರಿಯುವುದಿಲ್ಲ.

ಕುಡಿತ ಅಪಾಯಕಾರಿಯಾಗುವ ಹಂತ

ದಿನಾ ಬಿದ್ದು ಹೊರಳಾಡುವವನೇ ಕುಡುಕ ಎಂಬುದು ಊರಿನ ಅಳತೆ. ವೈದ್ಯಕೀಯದ ಅಳತೆ ಇದಕ್ಕಿಂತ ಬಹಳ ಮೊದಲೇ ಎಚ್ಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ 0ರಿಂದ 40ರವರೆಗೆ ಅಂಕಗಳಿವೆ. 8ರಿಂದ 15 ಬಂದರೆ ಅಪಾಯಕಾರಿ ಕುಡಿತ, 16ರಿಂದ 19 ಬಂದರೆ ಹಾನಿಕಾರಕ ಕುಡಿತ, 20 ಅಥವಾ ಅದಕ್ಕಿಂತ ಹೆಚ್ಚಾದರೆ ಅವಲಂಬನೆಯ ಶಂಕೆ. ಎಷ್ಟು ಸಲ ಕುಡಿಯುತ್ತೀರಿ, ಕುಡಿದ ದಿನ ಎಷ್ಟು ಕುಡಿಯುತ್ತೀರಿ, ಒಂದೇ ಕೂಟಕ್ಕೆ ಆರು ಪೆಗ್ಗು ಅಥವಾ ಹೆಚ್ಚು ಆಗುವುದು ಎಷ್ಟು ಸಲ ಎಂಬ ಮೊದಲ ಮೂರು ಪ್ರಶ್ನೆಗಳನ್ನು ಗಡಿಬಿಡಿಯ ತುರ್ತು ವಿಭಾಗದಲ್ಲೂ ಕೇಳಬಹುದು.

ಇಲ್ಲಿ ಲೆಕ್ಕವನ್ನು ಊರಿನ ಅಳತೆಯಲ್ಲೇ ಕೇಳಬೇಕು. ಶೇ 42.8ರ ರಮ್ ಅಥವಾ ವಿಸ್ಕಿಯ 30 ಮಿಲಿ ಎಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಅದು ಒಂದು ಯುನಿಟ್. ‘ನೈಂಟಿ’ ಎಂದರೆ ಮೂರು ಯುನಿಟ್. 180 ಮಿಲಿಯ ‘ಕ್ವಾರ್ಟರ್’ ಎಂದರೆ ಆರು. 750 ಮಿಲಿಯ ಪೂರ್ತಿ ಬಾಟಲಿಯಲ್ಲಿ 25 ಯುನಿಟ್ ಇರುತ್ತವೆ. “ರಾತ್ರಿ ಒಂದ ಕ್ವಾರ್ಟರ್ ಅಷ್ಟ ರೀ, ಜಾಸ್ತಿ ಇಲ್ಲ” ಎನ್ನುವವನು ಆಡಿಟ್ ಪಟ್ಟಿಯ ಮೂರನೆಯ ಪ್ರಶ್ನೆಗೆ ‘ಪ್ರತಿದಿನ’ ಎಂದು ಉತ್ತರ ಕೊಟ್ಟಂತಾಯಿತು. ಅವನು ಹೊಲಕ್ಕೆ ಹೋಗುತ್ತಿರಬಹುದು, ಯಾರ ಜೊತೆಗೂ ಜಗಳ ಮಾಡದಿರಬಹುದು. ಯಕೃತ್ತು, ರಕ್ತದೊತ್ತಡ, ರಾತ್ರಿ ಬೈಕ್ ಸವಾರಿ ಮಾತ್ರ ಅವನ ನಡತೆ ನೋಡಿ ರಿಯಾಯಿತಿ ಕೊಡುವುದಿಲ್ಲ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10ರಿಂದ 75 ವರ್ಷದವರ ಪೈಕಿ ಶೇ 14.6 ಮಂದಿ ಮದ್ಯ ಸೇವಿಸುತ್ತಾರೆ. ಗಂಡಸರಲ್ಲಿ ಈ ಪ್ರಮಾಣ ಶೇ 27.3. ಅವಲಂಬನೆಯ ಹಂತ ತಲುಪಿದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ವ್ಯಸನಮುಕ್ತಿ ಕೇಂದ್ರದ ಬಾಗಿಲು ತಟ್ಟದಿದ್ದರೂ ಒಂದಲ್ಲ ಒಂದು ದಿನ ತುರ್ತು ವಿಭಾಗದ ಬಾಗಿಲಿಗೆ ಬರುವ ಸಾಧ್ಯತೆ ಹೆಚ್ಚು. ಅದಕ್ಕೇ ಆ ಬಾಗಿಲಿಗೆ ಇಷ್ಟು ಮಹತ್ವ.

ತುರ್ತು ವಿಭಾಗಕ್ಕೆ ಬರುವ ಬಗೆ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಕಿತ್ತೂರಿನಲ್ಲೂ ಸರ್ಕಾರಿ ಆಸ್ಪತ್ರೆ ಇದೆ. 2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ರೋಗಿಗಳನ್ನು ಇಲ್ಲಿಗೆ ಕರೆತರುತ್ತದೆ. ಇಲ್ಲಿ ಆಗದಿದ್ದರೆ ಬೆಳಗಾವಿಯ ಬಿಮ್ಸ್, ಧಾರವಾಡ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಕಳಿಸುತ್ತಾರೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಕಿತ್ತೂರಿನಿಂದ ಧಾರವಾಡ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿ ನೂರು ಕಿಲೋಮೀಟರಿನಷ್ಟು ದೂರ.

ಕುಡಿತದ ರೋಗಿ ‘ಕುಡಿತ’ ಎಂಬ ಹೆಸರಿನಲ್ಲಿ ಬರುವುದು ಅಪರೂಪ. ಬೈಕಿನಿಂದ ಬಿದ್ದ ಗಾಯ, ಮುರಿದ ಕಾಲು, ಹೊಟ್ಟೆನೋವು, ರಕ್ತವಾಂತಿ, ಫಿಟ್ಸು, ಎದೆನೋವು, ಜಗಳದ ಪೆಟ್ಟು, ಸಿಟ್ಟಿನ ಭರದಲ್ಲಿ ಸೇವಿಸಿದ ವಿಷ ಎಂಬ ಹೆಸರುಗಳಲ್ಲಿ ಬರುತ್ತಾನೆ. 2000ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 12 ದೇಶಗಳ ತುರ್ತು ವಿಭಾಗಗಳಲ್ಲಿ ಮದ್ಯ ಮತ್ತು ಗಾಯಗಳ ನಂಟಿನ ಅಧ್ಯಯನ ನಡೆಸಿತು; ಭಾರತದಲ್ಲಿ ಅದು ನಡೆದದ್ದು ಬೆಂಗಳೂರಿನಲ್ಲಿ. ಗಾಯದ ನೋಂದಣಿಯಲ್ಲಿ ಮದ್ಯದ ಪಾತ್ರವನ್ನೂ ದಾಖಲಿಸುವುದು ಅಗತ್ಯ ಎಂಬ ಅರಿವು ಇಂಥ ಅಧ್ಯಯನಗಳಿಂದ ಬೆಳೆಯಿತು.

ಕಾಲು ಮುರಿದು ವಾರ್ಡು ಸೇರಿದವನ ಸ್ಥಿತಿಯನ್ನು ಹತ್ತಿರದಿಂದ ನೋಡಿದರೆ ಅಪಾಯ ಎಲ್ಲಿದೆಯೆಂಬುದು ತಿಳಿಯುತ್ತದೆ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಕೊನೆಯ ಗುಟುಕಿನ ನಂತರದ 6ರಿಂದ 48 ತಾಸಿನೊಳಗೆ ಫಿಟ್ಸು ಬರಬಹುದು. ಎರಡನೆಯ ಅಥವಾ ಮೂರನೆಯ ರಾತ್ರಿ ಸಲೈನಿನ ಸೂಜಿ ಕಿತ್ತೆಸೆದು, ಇಲ್ಲದವರನ್ನು ಕರೆಯುತ್ತ, ಗೋಡೆಯ ಮೇಲೆ ಹುಳು ಹರಿದಾಡುತ್ತಿವೆ ಎನ್ನತೊಡಗುತ್ತಾನೆ. ಮನೆಯವರು ದೆವ್ವ ಬಡಿದಿದೆ ಎಂದುಕೊಳ್ಳುತ್ತಾರೆ. ಇದು ಮದ್ಯ ಒಮ್ಮೆಗೇ ನಿಂತದ್ದರಿಂದ ಬಂದ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ತೆಗೆಯಬಲ್ಲದು. ಲೊರಾಜೆಪಾಮ್, ಡಯಾಜೆಪಾಮ್ ಗುಂಪಿನ ಔಷಧಗಳಿಂದ ಇದನ್ನು ಹತೋಟಿಗೆ ತರಬಹುದು. ಬಹಳ ಕಾಲ ಕುಡಿದವನಿಗೆ ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಡುವುದು ಮುಖ್ಯ. ಇಲ್ಲದಿದ್ದರೆ ಮಿದುಳಿಗೆ ಹಾನಿಯಾಗುವ ಅಪಾಯವಿದೆ. ದಾಖಲಾಗುವಾಗಲೇ ಕುಡಿತದ ಲೆಕ್ಕ ನಿಜವಾಗಿ ಸಿಕ್ಕರೆ ಇದೆಲ್ಲಕ್ಕೂ ವೈದ್ಯರು ಮೊದಲೇ ಸಿದ್ಧರಾಗುತ್ತಾರೆ.

ಆ ನಿಜ ಹೊರಬರುವುದೇ ಕಷ್ಟ. ಎಂಎಲ್‌ಸಿ (ವೈದ್ಯ-ಕಾನೂನು ಪ್ರಕರಣ) ಎಂದು ಬರೆದರೆ ಪೊಲೀಸರು ಬರುತ್ತಾರೆ, ಪಿಂಚಣಿಗೆ ತೊಂದರೆಯಾಗುತ್ತದೆ, ಊರಲ್ಲಿ ಮರ್ಯಾದೆ ಹೋಗುತ್ತದೆ ಎಂಬ ಭಯ ಒಂದು ಕಡೆ. ‘ಮಿಲ್ಟ್ರಿ ಮನಷ್ಯಾ’ ಯಾರ ಮುಂದೂ ಬಾಗಬಾರದೆಂಬ ಹಟ ಇನ್ನೊಂದು ಕಡೆ. ಚಿಕಿತ್ಸೆ ಪಡೆದ ಮಾತ್ರಕ್ಕೆ ಪಿಂಚಣಿ ನಿಲ್ಲುವುದಿಲ್ಲ. ಈ ಮಾತನ್ನು ವೈದ್ಯರು ಹೇಳುವುದಕ್ಕಿಂತ ಪಿಂಚಣಿ ಪಡೆಯುತ್ತಿರುವ ಮಾಜಿ ಹವಾಲ್ದಾರ ಹೇಳಿದರೆ ನಂಬಿಕೆ ಬೇಗ ಹುಟ್ಟುತ್ತದೆ.

ಒಡನಾಡಿಯ ಕೆಲಸ

ರೋಗಿಯ ಉಸಿರು, ನಾಡಿ, ಗಾಯ ಸ್ಥಿಮಿತಕ್ಕೆ ಬಂದು, ನಶೆ ಇಳಿದು, ಅವನು ಒಪ್ಪಿಗೆ ಕೊಟ್ಟ ಮೇಲೆಯೇ ಒಡನಾಡಿಯ ಸರದಿ. ಮಾತು ಕುಡಿತದಿಂದ ಶುರುವಾಗುವುದಿಲ್ಲ. “ಯಾವ ಯುನಿಟ್ ರೀ ನಿಮ್ದು? ಸರ್ವಿಸ್ ಎಷ್ಟ ವರ್ಷ ಆತು?” ಎಂಬ ಪ್ರಶ್ನೆಗೆ ಉತ್ತರ ಕೊಡದ ಮಾಜಿ ಸೈನಿಕ ಇರಲಿಕ್ಕಿಲ್ಲ. ಪೋಸ್ಟಿಂಗು, ಕಮಾಂಡರು, ಚಳಿ, ರಜೆಯ ರೈಲು ಎಂದು ಮಾತು ಸಾಗಿದ ಮೇಲೆ, “ನಂದೂ ದಿನಾ ಕ್ವಾರ್ಟರ್ ಮ್ಯಾಲೇನ ಇತ್ರೀ. ಬಿಟ್ಟು ಮೂರು ವರ್ಷ ಆತು” ಎಂಬ ಒಂದು ಮಾತು ಬರುತ್ತದೆ. ಉಪದೇಶ ಇಲ್ಲ, ಬೈಗುಳ ಇಲ್ಲ. ನಾಚಿಕೆಯಿಂದ ಮುಖ ತಿರುಗಿಸಿದವನು ಕೇಳಲಾರಂಭಿಸುವುದು ಇಲ್ಲಿಂದಲೇ.

ಹತ್ತು ಹದಿನೈದು ನಿಮಿಷದ ಈ ಮಾತುಕತೆಗೆ ಒಂದು ಕ್ರಮವಿದೆ. ಇಂದಿನ ಗಾಯಕ್ಕೂ ಕುಡಿತಕ್ಕೂ ಇರುವ ನಂಟನ್ನು ರೋಗಿಯ ಬಾಯಿಂದಲೇ ಹೇಳಿಸುವುದು. ಅವನಿಗೆ ಯಾವುದು ಮುಖ್ಯವೆಂದು ಕೇಳುವುದು, ಅದು ಮಗಳ ಮದುವೆಯಿರಬಹುದು, ಸೆಕ್ಯುರಿಟಿ ಕೆಲಸವಿರಬಹುದು. ಮುಂದಿನ ಒಂದು ಹೆಜ್ಜೆಯನ್ನು ಇಬ್ಬರೂ ಕೂಡಿ ಗೊತ್ತುಮಾಡುವುದು. ಆ ಹೆಜ್ಜೆ ಸ್ಪಷ್ಟವಾಗಿರಬೇಕು: ಬರುವ ಮಂಗಳವಾರ ಮನೋವೈದ್ಯರ ಭೇಟಿ, ಅಥವಾ ಈ ವಾರದ ನವಜೀವನ ಸಮಿತಿಯ ಸಭೆ. ಡಿಸ್ಚಾರ್ಜ್ ಆದ ಮರುದಿನ ಫೋನು, ವಾರದೊಳಗೆ ಮನೆಗೆ ಭೇಟಿ, ಮೊದಲ ಸಭೆಗೆ ಬೈಕಿನ ಹಿಂದೆ ಕೂಡಿಸಿಕೊಂಡು ಹೋಗುವುದು ಒಡನಾಡಿಯ ನಿಜವಾದ ಕೆಲಸ. ಕ್ಯಾಂಟೀನಿನ ಕೋಟಾ ತರದಿರುವುದು, ಕಿರಾಣಿಗೆ ಹೋಗುವಾಗ ಹೆಂಡತಿಯನ್ನೋ ಮಗನನ್ನೋ ಜೊತೆಗೆ ಕರೆದೊಯ್ಯುವುದು, ಬಾಟಲಿ ಕೇಳುವ ನೆಂಟರಿಗೆ ‘ಇಲ್ಲ’ ಎನ್ನುವುದು, ಇಂಥ ಸಣ್ಣ ಉಪಾಯಗಳು ಅದನ್ನು ಬಾಳಿ ದಾಟಿದವನಿಗೆ ಗೊತ್ತಿರುತ್ತವೆ.

ಒಡನಾಡಿಗೆ ಮಿತಿಗಳೂ ಇವೆ. ಅವನು ಔಷಧ ಹೇಳುವಂತಿಲ್ಲ. ದಿನವೂ ಹೆಚ್ಚು ಕುಡಿಯುವವನಿಗೆ “ಇವತ್ತಿಂದಲೇ ಬಿಟ್ಟುಬಿಡು” ಎಂದು ಮನೆಗೆ ಕಳಿಸುವುದು ಅಪಾಯಕಾರಿ. ಅಂಥವನ ಬಿಡುವಿಕೆ ವೈದ್ಯರ ಕಣ್ಣೆದುರಿಗೇ ನಡೆಯಬೇಕು. ಸಾಯುವ ಮಾತು ಬಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಉಳಿದ ವಿಷಯ ಊರಿನ ಕಟ್ಟೆಗೆ ಹೋಗಕೂಡದು. ಒಡನಾಡಿಯೂ ಒಮ್ಮೆ ಕುಡಿದವನೇ ಆದ್ದರಿಂದ ಅವನ ಮೇಲೆ ಬೀಳುವ ಭಾರವನ್ನು ನೋಡಿಕೊಳ್ಳುವ ಮೇಲ್ವಿಚಾರಕರೂ ಬೇಕು.

ಹೊರದೇಶಗಳಲ್ಲಿ ಬೆಳೆದ ಬಗೆ

ಕುಡಿತ ಬಿಟ್ಟವನು ಬಿಡಬೇಕಾದವನ ಕೈ ಹಿಡಿಯುವ ಪದ್ಧತಿಗೆ ವ್ಯವಸ್ಥಿತ ರೂಪ ಕೊಟ್ಟದ್ದು 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್. ಅದು 1957ರಲ್ಲಿ ಭಾರತಕ್ಕೆ ಬಂತು. ಕರ್ನಾಟಕದಲ್ಲೂ ಅದರ ಗುಂಪುಗಳಿವೆ. 1990ರ ದಶಕದಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯೊಂದು ‘ಪ್ರಾಜೆಕ್ಟ್ ಅಸರ್ಟ್’ ಹೆಸರಿನಲ್ಲಿ ಸಮುದಾಯದಿಂದಲೇ ಬಂದ ಸಹಾಯಕರನ್ನು ತುರ್ತು ವಿಭಾಗದಲ್ಲಿ ನೇಮಿಸಿತು. 1999ರಲ್ಲಿ ಸಿಯಾಟಲ್‌ನ ಗಾಯ ಚಿಕಿತ್ಸಾ ಕೇಂದ್ರದ ಅಧ್ಯಯನವೊಂದು, ಕುಡಿತದ ಬಗ್ಗೆ ಕಿರು ಆಪ್ತಸಲಹೆ ಪಡೆದವರು ಮತ್ತೆ ಗಾಯಗೊಂಡು ಬರುವುದು ಶೇ 47ರಷ್ಟು ಕಡಿಮೆಯಾದದ್ದನ್ನು ತೋರಿಸಿತು. 2014ರಿಂದ ರೋಡ್ ಐಲೆಂಡ್ ರಾಜ್ಯದಲ್ಲಿ ಮಾದಕ ವಸ್ತು ಅತಿಯಾಗಿ ಸೇವಿಸಿ ಬಂದವರ ಬಳಿಗೆ ಚೇತರಿಸಿಕೊಂಡ ಒಡನಾಡಿಗಳನ್ನು ಕರೆಸುವ ವ್ಯವಸ್ಥೆ ನಡೆಯುತ್ತಿದೆ.

ಮಾಜಿ ಸೈನಿಕರ ವಿಷಯದಲ್ಲಿ 2008ರ ಅಮೆರಿಕದ ಕಾನೂನು ಒಡನಾಡಿ ತಜ್ಞರ ಅರ್ಹತೆಯನ್ನು ನಿಗದಿಪಡಿಸಿತು. 2012ರ ಅಧ್ಯಕ್ಷೀಯ ಆದೇಶ 800 ಒಡನಾಡಿಗಳ ನೇಮಕಕ್ಕೆ ಸೂಚಿಸಿತು. ಸಮವಸ್ತ್ರದ ನಂಟು ಮತ್ತು ಚೇತರಿಕೆಯ ಅನುಭವ ಎರಡೂ ಇದ್ದವನ ಮಾತಿಗೆ ಬೇರೆಯದೇ ತೂಕ ಇದೆಯೆಂಬ ನಂಬಿಕೆಗೆ ಹೀಗೆ ಸರ್ಕಾರಿ ಹುದ್ದೆಯ ರೂಪ ಬಂತು.

ಕನ್ನಡ ನಾಡಿನ ಅನುಭವ

ಕುಡಿತ ಬಿಡಿಸುವ ಕೆಲಸದಲ್ಲಿ ಉತ್ತರ ಕರ್ನಾಟಕಕ್ಕೆ ತನ್ನದೇ ಪರಂಪರೆ ಇದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ 1975ರಿಂದ ಊರೂರು ತಿರುಗಿ, ಜನ ತಮ್ಮ ಚಟಗಳನ್ನು ಜೋಳಿಗೆಗೆ ಹಾಕುವಂತೆ ಬೇಡಿದರು. ‘ಮಹಾಂತ ಜೋಳಿಗೆ’ ಮನೆಮಾತಾಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತರೂ ಬಾಟಲಿ ಮದ್ಯ ಹಳ್ಳಿಗಳನ್ನು ಮುಟ್ಟಿದ್ದರಿಂದ ಜೋಳಿಗೆಯ ಅಗತ್ಯ ತೀರಲಿಲ್ಲ.

ಒಡನಾಡಿ ನೆರವಿಗೆ ಅತಿ ಹತ್ತಿರದ ಮಾದರಿ ಧರ್ಮಸ್ಥಳದ ಕಡೆಯಿಂದ ಬಂದದ್ದು. 1990ರ ದಶಕದ ಆರಂಭದಲ್ಲಿ ಹುಟ್ಟಿದ ಜನಜಾಗೃತಿ ವೇದಿಕೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೊಂದಿಗೆ ಸೇರಿ ಊರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದೆ. ಎಂಟು ದಿನದ ಶಿಬಿರ ಮುಗಿಸಿದವರು ನವಜೀವನ ಸಮಿತಿಯ ಸದಸ್ಯರಾಗಿ ಆಗಾಗ ಕೂಡುತ್ತಾರೆ. ಮದ್ಯವಿಲ್ಲದ ನೂರು ದಿನ ತುಂಬಿದಾಗ ಶತದಿನೋತ್ಸವ ನಡೆಯುತ್ತದೆ. ಬಿಟ್ಟವನಿಗೆ ಊರಿನ ಎದುರು ಮರ್ಯಾದೆ ಮರಳಿಸುವ ಈ ಪದ್ಧತಿ, ಸೈನಿಕನಾಗಿ ಮರ್ಯಾದೆಯಿಂದ ಬಾಳಿದವನಿಗೆ ವಿಶೇಷವಾಗಿ ಒಗ್ಗುವಂಥದು.

ವೈದ್ಯರಲ್ಲದವರೂ ತರಬೇತಿ ಪಡೆದರೆ ಈ ಕೆಲಸ ಮಾಡಬಲ್ಲರು ಎಂಬುದಕ್ಕೆ ಪಕ್ಕದ ಗೋವಾ ಸಾಕ್ಷಿ. ಅಲ್ಲಿಯ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾನಿಕಾರಕವಾಗಿ ಕುಡಿಯುತ್ತಿದ್ದ 377 ಗಂಡಸರ ಮೇಲೆ ಪ್ರಯೋಗ ನಡೆಸಿತು. ಸಾಮಾನ್ಯ ಹಿನ್ನೆಲೆಯ ಸಲಹೆಗಾರರಿಂದ ಆಪ್ತಸಲಹೆ ಪಡೆದವರಲ್ಲಿ ಮೂರು ತಿಂಗಳ ನಂತರ ಶೇ 36 ಮಂದಿ ಅಪಾಯದ ಮಟ್ಟದಿಂದ ಹೊರಬಂದಿದ್ದರು. ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ 26. ಈ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸ್ಥಳೀಯ ಆಸರೆಗಳು

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಕಟ್ಟಿದ ಮಾದರಿಯಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು. ರಾಜ್ಯದ ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ಮಂಗಳವಾರದ ಕ್ಲಿನಿಕ್‌ಗಾಗಿ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಕರೆ ಮಾಡಬಹುದು. ವ್ಯಸನಮುಕ್ತಿಗೆಂದೇ 14446 ಇದೆ.

ಮಾಜಿ ಸೈನಿಕರಿಗೆ 2003ರಲ್ಲಿ ಜಾರಿಗೆ ಬಂದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ ಮತ್ತು ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಬೆಳಗಾವಿಯಲ್ಲಿವೆ. ಮಿಲಿಟರಿ ಆಸ್ಪತ್ರೆಯೂ ಅಲ್ಲಿಯೇ. ಕುಡಿತದ ತುರ್ತು ಮಾತ್ರ ರಾತ್ರಿ ಹತ್ತಕ್ಕೆ ಹಳ್ಳಿಯಲ್ಲಿ ಎದುರಾಗುತ್ತದೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯೇ ಈ ಕೆಲಸದ ಸಹಜ ಕೇಂದ್ರ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದು ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಆರೈಕೆ ನೀಡಬೇಕೆಂದು ಹೇಳಿದೆ. ಒಡನಾಡಿ ಈ ಎರಡು ಸಂಗತಿಗಳನ್ನು ತಿಳಿದಿದ್ದರೆ ಮನೆಯವರ ಅರ್ಧ ಭಯ ಇಳಿಯುತ್ತದೆ.

ಮನೆಯವರು

108ಕ್ಕೆ ಮೊದಲು ಫೋನು ಮಾಡುವವಳು ಹೆಚ್ಚಾಗಿ ಹೆಂಡತಿ. ಆಕೆ ವರ್ಷಗಟ್ಟಲೆ ಬಾಟಲಿ ಬಚ್ಚಿಟ್ಟು, ಸಾಲ ತೀರಿಸಿ, ಏಟು ತಿಂದು, ಊರಿಗೆ ತಿಳಿಯದಂತೆ ನೋಡಿಕೊಂಡಿರುತ್ತಾಳೆ. ಕುಡಿತದವರ ಮನೆಮಂದಿಗೆಂದು 1951ರಲ್ಲಿ ಅಮೆರಿಕದಲ್ಲಿ ಅಲ್-ಅನಾನ್ ಎಂಬ ಕೂಟ ಹುಟ್ಟಿತು. ಇಲ್ಲಿಯೂ ಮಾಜಿ ಸೈನಿಕನ ಹೆಂಡತಿಗೆ ಇನ್ನೊಬ್ಬ ಸೈನಿಕನ ಹೆಂಡತಿಯೇ ತಕ್ಕ ಒಡನಾಡಿ. ಗಂಡ ಬಿಡಲಿ ಬಿಡದಿರಲಿ, ಹೊಡೆತದಿಂದ ಪಾರಾಗುವ, ಪಿಂಚಣಿಯ ಹಣ ಕೈಸೇರುವ, ಮಕ್ಕಳ ಓದು ನಿಲ್ಲದಂತೆ ನೋಡುವ ದಾರಿಗಳು ಆಕೆಗೆ ಮೊದಲು ಬೇಕು.

ಪುರಾವೆ ಮತ್ತು ಮಿತಿ

ಕಿರು ಆಪ್ತಸಲಹೆ ಅಪಾಯಕಾರಿ ಹಂತದವರಿಗೆ ಚೆನ್ನಾಗಿ ನಾಟುತ್ತದೆ. ಅವಲಂಬನೆ ಬೇರೂರಿದವರಿಗೆ ಅದೊಂದೇ ಸಾಲದು, ಔಷಧವೂ ದೀರ್ಘ ಆರೈಕೆಯೂ ಬೇಕು. ರೋಗಿಯನ್ನು ಮುಂದಿನ ಚಿಕಿತ್ಸೆಗೆ ತಲುಪಿಸುವುದರಲ್ಲಿ ಒಡನಾಡಿಗಳ ಬಲ ಹೆಚ್ಚು. ಗುಂಪಿನ ನೆರವಿನ ಬಗ್ಗೆ 2020ರ ಕೊಕ್ರೇನ್ ವಿಮರ್ಶೆ 27 ಅಧ್ಯಯನಗಳ 10,565 ಮಂದಿಯ ಮಾಹಿತಿ ನೋಡಿ, ಆಲ್ಕೋಹಾಲಿಕ್ಸ್ ಅನಾನಿಮಸ್‌ಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆಯು ನಿರಂತರ ಮದ್ಯಮುಕ್ತಿಯಲ್ಲಿ ಇತರ ವಿಧಾನಗಳಿಗಿಂತ ಮುಂದಿದೆಯೆಂದು ಕಂಡುಕೊಂಡಿತು.

ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ಊರಿನ ಒಡನಾಡಿ ಬೇಡವೆನ್ನುವ ರೋಗಿಗೆ ಪಕ್ಕದ ತಾಲ್ಲೂಕಿನವನನ್ನು ಕರೆಸಬೇಕು. ಸೇನೆಯ ದರ್ಜೆಯೂ ಅಡ್ಡಬರಬಹುದು: ನಿವೃತ್ತ ಸುಬೇದಾರನ ಎದುರು ಸಿಪಾಯಿ ಅಟೆನ್ಷನ್‌ನಲ್ಲಿ ನಿಂತಂತೆ ಮಾತನಾಡಿದರೆ ಮನಸ್ಸು ತೆರೆಯುವುದಿಲ್ಲ. ಹಾಗಾಗಿ ಸಮಾನ ದರ್ಜೆಯವರನ್ನು ಜೋಡಿಸುವುದು ಒಳ್ಳೆಯದು.

ಮುಂದಿನ ದಾರಿ

2022ರಲ್ಲಿ ಜಾರಿಯಾದ ಅಗ್ನಿಪಥ ಯೋಜನೆಯಿಂದ ಈ ವಿಷಯಕ್ಕೆ ಹೊಸ ತುರ್ತು ಬಂದಿದೆ. ನಾಲ್ಕು ವರ್ಷದ ನಂತರ ಸೇನೆಯಲ್ಲಿ ಉಳಿಯುವವರು ನಾಲ್ವರಲ್ಲಿ ಒಬ್ಬರು. ಹೊರಬರುವವರಿಗೆ ಪಿಂಚಣಿಯೂ ಇಸಿಎಚ್‌ಎಸ್ ಸೌಲಭ್ಯವೂ ಯೋಜನೆಯಲ್ಲಿಲ್ಲ. ಇಪ್ಪತ್ತೈದರ ಆಸುಪಾಸಿನಲ್ಲೇ ಸಮವಸ್ತ್ರ ಬಿಚ್ಚಿಟ್ಟು ಬರುವ ಈ ಹುಡುಗರು ಕಷ್ಟ ಬಂದಾಗ ಮುಟ್ಟುವುದು ತಾಲ್ಲೂಕು ಆಸ್ಪತ್ರೆಯನ್ನೇ.

ಇದಕ್ಕೆ ದೊಡ್ಡ ಕಟ್ಟಡ ಬೇಡ. ತುರ್ತು ವಿಭಾಗದ ನೋಂದಣಿಯಲ್ಲಿ ‘ಸೇನೆಯಲ್ಲಿದ್ದಿರಾ?’ ಎಂಬ ಒಂದು ಪ್ರಶ್ನೆ, ಆಡಿಟ್‌ನ ಮೂರು ಪ್ರಶ್ನೆಗಳು, ನರ್ಸಿಂಗ್ ಆಫೀಸರ ಮೇಜಿನ ಮೇಲೆ ತರಬೇತಿ ಪಡೆದ ಒಡನಾಡಿಗಳ ಫೋನ್ ಪಟ್ಟಿ, ಮಂಗಳವಾರದ ಕ್ಲಿನಿಕ್‌ನಲ್ಲಿ ಮೀಸಲಿಟ್ಟ ಸಮಯ, ಮಾಜಿ ಸೈನಿಕರ ಸಂಘ ಮತ್ತು ನವಜೀವನ ಸಮಿತಿಗಳ ಜಂಟಿ ಸಭೆ ಇದ್ದರೆ ಸಾಕು. ಒಡನಾಡಿಗೆ ಗೌರವಧನ ಮತ್ತು ಪ್ರಯಾಣ ವೆಚ್ಚ ಕೊಡುವುದು ನ್ಯಾಯ. ಬರೀ ಸೇವಾಭಾವದ ಮೇಲೆ ನಿಂತ ಕೆಲಸ ಬೇಗ ಸೊರಗುತ್ತದೆ. ಈ ಸೀಮೆ ತನ್ನ ಮಕ್ಕಳನ್ನು ಹೆಮ್ಮೆಯಿಂದ ಸೇನೆಗೆ ಕಳಿಸುತ್ತದೆ. ಮರಳಿ ಬಂದವರು ಕುಡಿತಕ್ಕೆ ಬಿದ್ದಾಗ ಎಬ್ಬಿಸುವ ಹೊಣೆಯೂ ಅದರದೇ, ಆ ಕೆಲಸ ಬಲ್ಲವರು ಅವರ ನಡುವೆಯೇ ಇದ್ದಾರೆ.